ಕಂಪ್ಯೂಟರಿಗೆ ಎಣ್ಣೆ ಬಿಟ್ಟ ಹಬ್ಬ

ಇಂಡಿ ಪಟ್ಟಣದ ನನ್ನ ಮನೆಯಲ್ಲಿ ಈಗ ಆಳಿಗೊಂದು ಲ್ಯಾಪ್‌ಟಾಪ್ ಇದೆ, ಒಂದಕ್ಕೂ ಮರ್ಯಾದೆ ಇಲ್ಲ. ಒಂದು ಹಾಸಿಗೆಯ ಮೇಲೆ ಮಗುಚಿ ಬಿದ್ದಿರುತ್ತದೆ, ಇನ್ನೊಂದರ ಮೇಲೆ ಚಹಾ ಕಪ್ಪಿನ ಗುರುತು. ಏನಾದರೂ ಅಂದರೆ, ಶುರುವಾಯಿತು ಮಮ್ಮಿಯ ಪುರಾಣ ಎಂದು ಮಕ್ಕಳು ಎದ್ದು ಹೋಗುತ್ತಾರೆ. ಹೋಗಲಿ. ಹೇಳಿದ್ದನ್ನು ಕೇಳದವರ ಮುಂದೆ ಗಂಟಲು ಹರಿದುಕೊಳ್ಳುವ ಬದಲು ಬರೆದಿಡುವುದು ಮೇಲು.

ನಾನು ಹುಟ್ಟಿ ಬೆಳೆದದ್ದು ಬಸವನ ಬಾಗೇವಾಡಿಯಲ್ಲಿ. ಅಪ್ಪನದು ಪಂಪ್‌ಸೆಟ್ ಸಾಮಾನಿನ ಅಂಗಡಿ. ಮೋಟರು ಸುಟ್ಟಿತೆಂದು ಮುಳವಾಡ, ಹೂವಿನ ಹಿಪ್ಪರಗಿ ಕಡೆಯಿಂದ ಓಡಿ ಬರುವವರು ಮೊದಲು ನಮ್ಮ ಅಂಗಡಿಯ ಕಟ್ಟೆಯ ಮೇಲೆ ಕೂತು ಒಂದು ಗ್ಲಾಸ್ ನೀರು ಕುಡಿದು ಆಮೇಲೆ ಸಂಕಟ ಹೇಳುತ್ತಿದ್ದರು. ಅವ್ವ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ಓಣಿಯ ಅರ್ಧ ಹೆಂಗಸರ ಜಂಪರು ಅವಳ ಕೈಯವು. ಅಕ್ಕ ಬಿಜಾಪುರದಲ್ಲಿ ಡಿಗ್ರಿ ಮುಗಿಸಿ ಬಂದು ಮನೆಯಲ್ಲಿ ಕೂತಿದ್ದಳು. ನಾನು ಪಿಯುಸಿ ಮೊದಲ ವರ್ಷ, ಎಲ್ಲದರಲ್ಲೂ ಮೂಗು ತೂರಿಸುವ ವಯಸ್ಸು.

ಕಂಪ್ಯೂಟರ್ ನಮ್ಮ ಮನೆಗೆ ಬಂದದ್ದು ಸಿಂದಗಿಯಿಂದ. ಅಲ್ಲಿ ನಮ್ಮ ಸೋದರಮಾವ ಕಂಪ್ಯೂಟರ್ ಕ್ಲಾಸ್ ತೆಗೆದು ಕೈಸುಟ್ಟುಕೊಂಡಿದ್ದ. ಬಾಗಿಲು ಹಾಕುವಾಗ ಒಂದು ಮಿಷನ್ನನ್ನು ಅಕ್ಕನಿಗೆಂದು ಕೊಟ್ಟ. ಟಂಟಂ ಗಾಡಿಯಲ್ಲಿ, ಕಡಲೆ ಹೊಟ್ಟಿನ ಚೀಲಗಳ ನಡುವೆ ಕೂತು ಅದು ಬಂತು. ಓಣಿಯವರೆಲ್ಲ ನೋಡಲು ಬಂದರು. ಪಡಸಾಲೆಯಲ್ಲಿ ಅಪ್ಪನ ಮಂಚ ಸರಿಸಿ ಜಾಗ ಮಾಡಿದೆವು. ಅವ್ವ ಜಂಪರಿನಲ್ಲಿ ಉಳಿದ ಬಟ್ಟೆ ಜೋಡಿಸಿ ಅದಕ್ಕೊಂದು ಮುಸುಕು ಹೊಲಿದಳು, ಅಂಚಿಗೆ ಝಾಲರು ಬೇರೆ. ಮದುಮಗಳ ಹಾಗಿತ್ತು. ಪರದೆಯ ಹತ್ತಿರ ಕೈ ಒಯ್ದರೆ ಚುರುಚುರು ಎಂದು ಕೈಯ ಕೂದಲು ಎದ್ದು ನಿಲ್ಲುತ್ತಿದ್ದವು. ನಾನು ಗೆಳತಿಯರನ್ನು ಕರೆತಂದು ಇದನ್ನೇ ತೋರಿಸುತ್ತಿದ್ದೆ, ಯಾಕೆಂದರೆ ನನಗೆ ಬರುತ್ತಿದ್ದದ್ದು ಅದೊಂದೇ.

ಅಕ್ಕನಿಗೆ ಮಾತ್ರ ಅದು ಆಟವಾಗಿರಲಿಲ್ಲ. ಮುದ್ದೇಬಿಹಾಳದ ಒಂದು ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುವವರು ಬೇಕಾಗಿದ್ದರು. ಕಲಿಸುವುದರ ಜೊತೆಗೆ ಇಡೀ ಸಾಲೆಯ ಮಕ್ಕಳ ಮಾರ್ಕ್ಸ್ ಕೂಡಿಸಿ ನಂಬರು ಹಚ್ಚುವ ಪ್ರೋಗ್ರಾಂ ಒಂದನ್ನು ತಾವೇ ಬರೆದು ತರಬೇಕು ಎಂದು ಆಡಳಿತ ಮಂಡಳಿಯವರು ಹೇಳಿದ್ದರು. ಅಕ್ಕ ಎರಡು ತಿಂಗಳು ಅದರ ಮುಂದೆ ಕೂತಳು. ಲೈಟು ಹೋದರೆ ಬರೆದದ್ದು ಅಳಿಸಿಹೋಗುತ್ತಿತ್ತು, ಬಂದಾಗ ಮತ್ತೆ ಬರೆಯುತ್ತಿದ್ದಳು. ಅವಳ ಬೆನ್ನಿಗೆ ಅವ್ವ ಹೊಲಿಗೆ ಮಿಷನ್ ತುಳಿಯುತ್ತ ಕೂತಿರುತ್ತಿದ್ದಳು. ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಮಾಡಿ ದುಡಿಯುವುದನ್ನು ನಾನು ಮಂಚದ ಮೇಲೆ ಮಲಗಿ ನೋಡುತ್ತಿದ್ದೆ.

ನಮ್ಮ ಮನೆತನದಲ್ಲಿ ಹೊರಗೆ ಹೋಗಿ ನೌಕರಿ ಮಾಡಿದ ಹೆಣ್ಣುಮಗಳು ಆವರೆಗೆ ಯಾರೂ ಇರಲಿಲ್ಲ. ಬೇರೆ ಊರಿನಲ್ಲಿ ಉಳಿಯುವುದಂತೂ ದೂರದ ಮಾತು. ಅಪ್ಪ ಕೆಟ್ಟವನಲ್ಲ, ಆದರೆ ಮಂದಿ ಏನಂದಾರು ಎನ್ನುವುದು ಅವನಿಗೆ ಊಟಕ್ಕಿಂತ ಮುಖ್ಯ. ಅವ್ವ ಎಷ್ಟೋ ದಿನ ಬೆನ್ನು ಹತ್ತಿದ ಮೇಲೆ ಒಂದು ಮಾತಿಗೆ ಬಂದ. ಒಂದೇ ಸಲ ಹೋಗಿ ತೋರಿಸಿ ಬರಲಿ. ತಗೊಂಡರೆ ತಗೊಂಡರು, ಇಲ್ಲವೆಂದರೆ ಮತ್ತೆ ನೌಕರಿಯ ಮಾತು ಮನೆಯಲ್ಲಿ ಎತ್ತಬಾರದು. ಅಕ್ಕ ಒಪ್ಪಿಕೊಂಡಳು. ಒಪ್ಪದೆ ಮಾಡುವುದಾದರೂ ಏನಿತ್ತು? ಮಂಡಳಿಯವರು ಬರಹೇಳಿದ್ದು ಬನ್ನಿಯ ಮರುದಿನ ಮುಂಜಾನೆ. ಅದಕ್ಕೂ ಮೊದಲೇ ಅಕ್ಕ ಪ್ರೋಗ್ರಾಮನ್ನು ಅಂಗೈಯಷ್ಟಗಲದ ಒಂದು ಫ್ಲಾಪಿಗೆ ಹಾಕಿ, ಕಳೆದುಹೋದೀತೆಂದು ಕಂಪ್ಯೂಟರಿನ ಸಂದಿಯಲ್ಲೇ ಬಿಟ್ಟಿದ್ದಳು.

ನಡುವೆ ಬಂದದ್ದು ಖಂಡೇಪೂಜೆ.

ಮಹಾನವಮಿಯ ದಿನ ಮನೆಯ ಹತಾರಗಳನ್ನೆಲ್ಲ ತೊಳೆದು, ಒರೆಸಿ, ಎಣ್ಣೆ ಹಚ್ಚಿ, ವಿಭೂತಿ ಎಳೆದು ಪೂಜೆಗೆ ಇಡುತ್ತೇವೆ. ಇಟ್ಟ ಮೇಲೆ ಮರುದಿನ ಸಂಜೆ ಬನ್ನಿ ಕೊಟ್ಟು ತಗೊಳ್ಳುವವರೆಗೆ ಯಾರೂ ಅವನ್ನು ಮುಟ್ಟುವ ಹಾಗಿಲ್ಲ. ಹತಾರಕ್ಕೂ ಒಂದು ದಿನದ ವಿಶ್ರಾಂತಿ. ಉಳಿದವರ ಮನೆಯಲ್ಲಿ ಇದು ಹಬ್ಬದ ರೂಢಿ, ನಮ್ಮ ಮನೆಯಲ್ಲಿ ಕಾನೂನು. ಒಂದು ವರ್ಷ ಅಪ್ಪ ಯಾರೋ ರೈತ ಅಂಗಲಾಚಿದನೆಂದು ಪೂಜೆಗಿಟ್ಟ, ನಟ್ಟು ತಿರುಗಿಸುವ ಪಾನಾ ಎತ್ತಿಕೊಂಡು ಹೋಗಿ ಬೆರಳು ಜಜ್ಜಿಸಿಕೊಂಡಿದ್ದ. ಆ ಉಗುರು ಕೊನೆಗೂ ನೆಟ್ಟಗೆ ಬೆಳೆಯಲಿಲ್ಲ. ಅಂದಿನಿಂದ ಖಂಡೇಪೂಜೆಯ ದಿನ ಅಪ್ಪ ಮಂಚ ಬಿಟ್ಟು ಏಳುವುದೇ ಕಡಿಮೆ, ಪಹರೆಯವನ ಹಾಗೆ ಕೂತಿರುತ್ತಿದ್ದ.

ಆ ವರ್ಷ ಪಾನಾ, ಇಕ್ಕಳ, ಹೊಲಿಗೆ ಮಿಷನ್, ಅಡುಗೆ ಮನೆಯ ಈಳಿಗೆಯ ಜೊತೆಗೆ ಕಂಪ್ಯೂಟರೂ ಪೂಜೆಗೆ ಕೂತಿತು. ಚೆಂಡುಹೂವಿನ ಮಾಲೆ, ಎರಡೂ ಕಡೆ ಕಬ್ಬು, ಪರದೆಯ ಹಣೆಗೆ ವಿಭೂತಿ, ಕುಂಕುಮ. ಆರತಿ ಮುಗಿದು ಎಲ್ಲರೂ ಕೈ ಮುಗಿದರು. ನಾನು ಅಡ್ಡಬಿದ್ದು ಏಳುವಾಗ ಮೂಗಿಗೆ ಹೊಲಿಗೆ ಮಿಷನ್ ಎಣ್ಣೆಯ ವಾಸನೆ ಬಡಿಯಿತು. ಹೊಲಿಗೆ ಮಿಷನ್ ಇದ್ದದ್ದು ಆ ತುದಿಗೆ. ವಾಸನೆ ಬರುತ್ತಿದ್ದದ್ದು ಈ ತುದಿಯಿಂದ. ನೋಡಿದರೆ ಫ್ಲಾಪಿ ಹಾಕುವ ಸಂದಿಯ ಕೆಳಗೆ ಸಣ್ಣಗೆ ಎಣ್ಣೆ ಇಳಿದ ಗೆರೆ.

ಅಡುಗೆ ಮನೆಗೆ ಹೋಗಿ, ಹೋಳಿಗೆ ತಟ್ಟುತ್ತಿದ್ದ ಅವ್ವನನ್ನು ಮೆಲ್ಲಗೆ ಕೇಳಿದೆ. ಅವಳ ಮುಖದಲ್ಲಿ ಹಬ್ಬದ ಕಳೆ.

"ಹೌದವಾ, ಅದಕ್ಕೂ ಎಣ್ಣಿ ಬಿಟ್ಟೇನಿ. ಭಾಳ ದಿನ ಆತು, ಕರಕರ ಅನ್ನಾಕತ್ತಿತ್ತು. ಪಾಪ, ನಿಮ್ಮಕ್ಕಗ ತಿಳಿಯೂದಿಲ್ಲ. ಮಿಷನ್ ಕರಕರ ಅಂದ್ರ ಒಣಗೇತಿ ಅಂತನ ಅರ್ಥ."

ಫ್ಲಾಪಿ ಓದುವಾಗ ಕರಕರ ಎನ್ನುವುದು ಅದರ ಹುಟ್ಟುಗುಣ. ಎರಡು ತಿಂಗಳು ಬೆನ್ನಿನ ಹಿಂದೆ ಆ ಸದ್ದು ಕೇಳುತ್ತ ಕೂತವಳು ಅವ್ವ. ಮಗಳ ಹತಾರ ಎಣ್ಣೆಯಿಲ್ಲದೆ ಸವೆಯುತ್ತಿದೆ ಎಂದು ಅವಳ ಜೀವ ಕುದ್ದಿರಬೇಕು. ತನ್ನ ಮಿಷನ್ನಿಗೆ ಬಿಡುವ ಕೊಕ್ಕಿನ ಡಬ್ಬಿಯಿಂದಲೇ, ತನ್ನ ಮಿಷನ್ನಿಗಿಂತ ಧಾರಾಳವಾಗಿ ಬಿಟ್ಟಿದ್ದಳು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ನೇರ ಹಿತ್ತಲಿಗೆ ಹೋಗಿ ಅಕ್ಕನಿಗೆ ಹೇಳಿದೆ.

ಅಕ್ಕ ಒಗೆಯುತ್ತಿದ್ದ ಸೀರೆ ಕೈಯಲ್ಲೇ ಉಳಿಯಿತು. ಫ್ಲಾಪಿ ಅಂತೂ ಹೋಯಿತು ಎಂದಳು. ಆದರೆ ಅವಳ ಹೆದರಿಕೆ ಅದಷ್ಟೇ ಅಲ್ಲ. ಅಸಲು ಪ್ರೋಗ್ರಾಂ ಇರುವುದು ಒಳಗಿನ ಡಿಸ್ಕಿನಲ್ಲಿ. ಎಣ್ಣೆ ಸಂದಿಯಿಂದ ಕೆಳಗೆ ಎಲ್ಲಿಯವರೆಗೆ ಇಳಿದಿದೆಯೋ ಗೊತ್ತಿಲ್ಲ. ಕೂಡಲೇ ಬಿಚ್ಚಿ ಒರೆಸಿದರೆ ಉಳಿದೀತು. ಬಿಟ್ಟಷ್ಟೂ ಹೊತ್ತು ಎಣ್ಣೆ ಇಳಿಯುತ್ತಲೇ ಇರುತ್ತದೆ, ಹಾಗೆಯೇ ಕರೆಂಟು ಕೊಟ್ಟರೆ ಒಳಗೆ ಏನು ಸುಡುತ್ತದೋ ಬಲ್ಲವರಿಲ್ಲ. ಬಿಚ್ಚಬೇಕೆಂದರೆ ಮುಟ್ಟಬೇಕು. ಮುಟ್ಟಲು ನಾಳೆ ಸಂಜೆಯವರೆಗೆ ತಡೆಯಬೇಕು.

ಅಪ್ಪನಿಗೆ ಹೇಳೋಣ ಎಂದೆ. ಅಕ್ಕ ನನ್ನ ರಟ್ಟೆ ಹಿಡಿದುಕೊಂಡಳು. ಅಪ್ಪ ಹಬ್ಬದ ಮಂದಿಯ ಮುಂದೆಯೇ ಅವ್ವನನ್ನು ಬೈಯುತ್ತಾನೆ, ದೇವರೇ ಬೇಡವೆಂದಿದ್ದಾನೆ ಬಿಡಿ ಎಂದು ಮುದ್ದೇಬಿಹಾಳದ ಮಾತನ್ನೂ ಅಲ್ಲಿಗೇ ಮುಗಿಸುತ್ತಾನೆ. ಅವ್ವನಿಗೆ ಹೇಳೋಣ ಎಂದರೆ ಅದಕ್ಕೂ ಒಲ್ಲೆ ಎಂದಳು.

"ಆಕಿಗೆ ಗೊತ್ತಾದ್ರ ಜೀವನಪೂರ್ತಿ ಅದನ್ನ ಹಿಡ್ಕೊಂಡು ಕೊರಗತಾಳ. ನೀ ಬಾಯಿ ಬಿಡಬ್ಯಾಡ."

ನಾನು ಬಾಯಿ ಬಿಡಲಿಲ್ಲ. ಆದರೆ ಆ ಒಂದು ದಿನ ಹೇಗೆ ಕಳೆದೆವೋ ನಮಗೇ ಗೊತ್ತು. ಊಟಕ್ಕೆ ಕೂತರೆ ಕಂಪ್ಯೂಟರ್ ಎದುರಿಗೇ, ಹೂ ಮುಡಿದುಕೊಂಡು. ಸಂದಿಯ ಕೆಳಗಿನ ಗೆರೆ ಉದ್ದವಾಗುತ್ತಿದೆಯೋ ಏನೋ ಎಂದು ನಾನು ಗಳಿಗೆಗೊಮ್ಮೆ ನೀರು ಕುಡಿಯುವ ನೆವ ಮಾಡಿ ಪಡಸಾಲೆಗೆ ಹೋಗಿ ಬರುತ್ತಿದ್ದೆ. ನಿನಗೇನು ಸಕ್ಕರೆ ಕಾಯಿಲೆಯೇ ಎಂದು ಅಪ್ಪ ಕೇಳಿದ. ಮಧ್ಯಾಹ್ನ ಅವನ ಕಣ್ಣು ಮುಚ್ಚಿದ್ದನ್ನು ನೋಡಿ ಅಕ್ಕ ಹಳೆಯ ಬಟ್ಟೆ ಹಿಡಿದು ಕಂಪ್ಯೂಟರಿನ ಹತ್ತಿರ ಹೋದಳು. ಕೈ ಇನ್ನೂ ಮಾಲೆಗೆ ತಾಗಿರಲಿಲ್ಲ, ಅಪ್ಪ ಕಣ್ಣು ತೆರೆಯದೆಯೇ ಗಂಟಲು ಕೆರೆದ. ಅಕ್ಕ ಉದುರಿದ ಹೂವಿನ ಪಕಳೆ ಆಯ್ದುಕೊಂಡು ತಿರುಗಿ ಬಂದಳು. ಅವ್ವ ಮಾತ್ರ ಖುಷಿಯಿಂದ ಮುದ್ದೇಬಿಹಾಳಕ್ಕೆ ಹೋಗುವಾಗ ಉಡುವ ಸೀರೆಗೆ ಜಂಪರು ಹೊಂದಿಸುತ್ತಿದ್ದಳು. ಎರಡನೆಯ ಹೋಳಿಗೆ ಯಾಕೆ ಒಲ್ಲೆ ಎಂದು ನಮ್ಮಿಬ್ಬರನ್ನೂ ಬೈದಳು.

ಮರುದಿನ ಸಂಜೆ ಬನ್ನಿ ತಂದರು. ಬನ್ನಿ ತಗೊಂಡು ಬಂಗಾರದ ಹಾಗೆ ಇರೋಣ ಎಂದು ಹಿರಿಯರ ಕೈಗೆ ಎಲೆ ಕೊಟ್ಟು ಕಾಲಿಗೆ ಬಿದ್ದೆವು. ಅಕ್ಕ ಅವ್ವನ ಕಾಲಿಗೆ ಬಿದ್ದವಳು ಮುಖ ಎತ್ತದೆ ಎದ್ದು ನೇರ ಪಡಸಾಲೆಗೆ ನಡೆದಳು. ಕಂಪ್ಯೂಟರಿನ ಡಬ್ಬಿಯ ಮುಚ್ಚಳ ಬಿಚ್ಚಿ, ಕೈಗೆ ಸಿಕ್ಕಷ್ಟು ಎಣ್ಣೆ ಒರೆಸಿದಳು. ಎಣ್ಣೆ ನಾವು ಹೆದರಿದ್ದಕ್ಕಿಂತ ಹೆಚ್ಚೇ ಇಳಿದಿತ್ತು. ಡಿಸ್ಕಿನ ಮೇಲೂ ಒಂದು ಹನಿ ಕೂತಿತ್ತು. ಒರೆಸಿದ ಬಟ್ಟೆಯನ್ನು ಬಚ್ಚಲಿಗೆ ಎಸೆದು, ನೀನೇ ಬಟನ್ ಒತ್ತು, ನನಗಾಗುವುದಿಲ್ಲ ಎಂದು ನನಗೆ ಹೇಳಿದಳು. ನಾನು ಒತ್ತಿದೆ.

ಫ್ಯಾನು ತಿರುಗಿತು. ಪರದೆ ಎಷ್ಟೋ ಹೊತ್ತು ಕಪ್ಪಗೇ ಇತ್ತು. ಆಮೇಲೆ ಬಿಳಿ ಅಕ್ಷರ ಬಂದವು, ಒಂದರ ಕೆಳಗೊಂದು. ಅಕ್ಕ ಹುಡುಕಿದಳು, ಪ್ರೋಗ್ರಾಂ ಇತ್ತು. ಫ್ಲಾಪಿ ಮಾತ್ರ ತೆಗೆದು ನೋಡಿದರೆ ಎಣ್ಣೆಗೆ ಕುಂಕುಮ ಮೆತ್ತಿ ಕೆಂಪಗಾಗಿತ್ತು. ಹೊಸದೊಂದು ಹಾಕಿದರೂ ಓದುವ ಸಂದಿಯೇ ಕೆಟ್ಟಿದ್ದರಿಂದ ಗೊಗ್ಗರು ದನಿಯಲ್ಲಿ ಕೆಮ್ಮಿ ಸುಮ್ಮನಾಯಿತು. ಪ್ರೋಗ್ರಾಂ ಒಳಗೆ ಸಿಕ್ಕಿಕೊಂಡಿತು, ಹೊರಗೆ ತರಲು ದಾರಿಯಿಲ್ಲ. ರಿಪೇರಿ ಮಾಡಿಸೋಣವೆಂದರೆ ಇಡೀ ಊರಿನ ಅಂಗಡಿಗಳು ಹಬ್ಬಕ್ಕೆ ಮುಚ್ಚಿದ್ದವು. ಹೋಗಬೇಕಾದದ್ದು ಬೆಳಗಾದರೆ.

ಫ್ಲಾಪಿ ಕೆಟ್ಟಿದೆ ಎಂದಷ್ಟೇ ಅಪ್ಪನಿಗೆ ಹೇಳಿದೆವು. ಹೋಗಲಿ ಬಿಡು, ಕೊಟ್ಟ ಮಾತು ಅಲ್ಲಿಗೆ ಮುಗಿಯಿತು ಎಂದ. ಅವನ ದನಿಯಲ್ಲಿ ಸಮಾಧಾನ ಇದ್ದದ್ದು ನನಗೆ ಮೈ ಉರಿಸಿತು. ಅಕ್ಕ ಮುಸುಕನ್ನು ಮಡಚುತ್ತ, ಹಾಗಾದರೆ ಮಿಷನ್ನನ್ನೇ ಒಯ್ಯುತ್ತೇನೆ ಎಂದಳು. ಬಸ್ಸಿನಲ್ಲಿ ಅಷ್ಟು ದೊಡ್ಡ ಸಾಮಾನು ಹೊತ್ತುಕೊಂಡು ಹೋದರೆ ಮಂದಿ ನಗುತ್ತಾರೆ, ನಾನಂತೂ ಅಂಗಡಿ ಬಿಟ್ಟು ಬರುವುದಿಲ್ಲ ಎಂದ ಅಪ್ಪ. ಬಾಗಿಲಲ್ಲಿ ನಿಂತಿದ್ದ ಅವ್ವ ಒಳಗೆ ಬಂದಳು.

"ನೀವು ಬರಬ್ಯಾಡ್ರಿ. ನಾ ಹೋಗ್ತೇನಿ ಆಕಿ ಜೋಡಿ."

ಅಪ್ಪ ಅವಳನ್ನು ಹೊಸದಾಗಿ ನೋಡುವವನ ಹಾಗೆ ನೋಡಿದ. ಲಗ್ನ, ಸಾವು ಬಿಟ್ಟರೆ ಅವ್ವ ಬಸ್ ಹತ್ತಿದ್ದೇ ನನಗೆ ನೆನಪಿಲ್ಲ.

ಮುಂಜಾನೆ ಹೊರಟೆವು. ಎರಡು ಕೌದಿಗಳಲ್ಲಿ ಸುತ್ತಿದ ಸಾಮಾನು. ಪರದೆಯ ಪೆಟ್ಟಿಗೆ ಅವ್ವನ ತೊಡೆಯ ಮೇಲೆ, ಡಿಸ್ಕಿದ್ದ ಡಬ್ಬಿ ಅಕ್ಕನ ತೊಡೆಯ ಮೇಲೆ, ಕೀಬೋರ್ಡು ಮತ್ತು ವೈರಿನ ಚೀಲ ನನಗೆ. ಹಬ್ಬ ಮುಗಿಸಿ ತಿರುಗುವ ಮಂದಿಯಿಂದ ಬಸ್ಸು ಕಿಕ್ಕಿರಿದಿತ್ತು. ಕಂಡಕ್ಟರ್ ಸಾಮಾನು ಟಾಪಿನ ಮೇಲೆ ಹಾಕಿರಿ ಎಂದು ಹಟ ಹಿಡಿದ. ಅವ್ವ ಅವನ ಮುಖ ನೋಡದೆ, ಬೇಕಾದರೆ ನಾನು ಮೇಲೆ ಹೋಗಿ ಕೂರುತ್ತೇನೆ, ಇದು ಇಲ್ಲೇ ಇರಲಿ ಎಂದಳು. ಅವನು ಮತ್ತೆ ನಮ್ಮ ತಂಟೆಗೆ ಬರಲಿಲ್ಲ. ಪಕ್ಕದ ಸೀಟಿನ ಹೆಂಗಸು ಟಿವಿ ಎಂದು ತಿಳಿದು, ಯಾವ ಮಗಳ ಲಗ್ನಕ್ಕೆ, ವರ ಏನು ಮಾಡುತ್ತಾನೆ ಎಂದು ವಿಚಾರಿಸಿದಳು. ಅವ್ವ ಸೆರಗು ಸರಿ ಮಾಡಿಕೊಂಡು, ಲಗ್ನ ಅಲ್ಲ, ಇವಳು ನೌಕರಿಗೆ ಹೊರಟಿದ್ದಾಳೆ ಎಂದಳು. ಇನ್ನೂ ಸಿಗದ ನೌಕರಿ! ಅಕ್ಕ ಕಿಟಕಿಯ ಕಡೆ ತಿರುಗಿದಳು. ರಸ್ತೆಯ ಗುಂಡಿಗಳಲ್ಲಿ ಬಸ್ಸು ಎತ್ತಿ ಒಗೆದಾಗೆಲ್ಲ ಅವಳು ಡಬ್ಬಿಯನ್ನು ತೊಡೆಯಿಂದ ಮೇಲೆತ್ತಿ ಗಾಳಿಯಲ್ಲಿ ಹಿಡಿಯುತ್ತಿದ್ದಳು. ಮುದ್ದೇಬಿಹಾಳ ಬರುವಷ್ಟರಲ್ಲಿ ಅವಳ ತೋಳು ನಡುಗುತ್ತಿದ್ದವು.

ಸಾಲೆಯಲ್ಲಿ ಕರೆಂಟು ಇರಲಿಲ್ಲ. ಹೆಡ್‌ಮಾಸ್ತರ ಕೋಣೆಯಲ್ಲಿ ಮಂಡಳಿಯ ಹಿರಿಯರು ಕೂತಿದ್ದರು. ಹೊರಗಿನ ಬೆಂಚಿನಲ್ಲಿ ಬಿಜಾಪುರದಿಂದ ಬಂದ ಇನ್ನೊಬ್ಬ ಉಮೇದುವಾರ ಅಂಗಿಯ ಕಿಸೆಯಲ್ಲಿ ಫ್ಲಾಪಿ ಇಟ್ಟುಕೊಂಡು ಹಗುರಾಗಿ ಕಾಲು ಅಲ್ಲಾಡಿಸುತ್ತಿದ್ದ. ನಮ್ಮ ಕೌದಿಯ ಗಂಟುಗಳನ್ನು ನೋಡಿ ನಕ್ಕು, ಸಂಸಾರ ಸಮೇತ ಬಂದಿರೇನು ಎಂದ. ನಾನು ಏನೋ ಅನ್ನಲು ಹೋದಾಗ ಅವ್ವ ತೊಡೆ ಚಿವುಟಿದಳು. ಕರೆಂಟು ಬಂದಾಗ ಅವನನ್ನೇ ಮೊದಲು ಕರೆದರು. ಸಾಲೆಯ ಕಂಪ್ಯೂಟರಿಗೆ ಫ್ಲಾಪಿ ಹಾಕಿ, ತೋರಿಸಿ, ಬೇಗ ಹೊರಗೆ ಬಂದ. ಆಮೇಲೆ ನಾವು.

ವೈರುಗಳನ್ನು ಜೋಡಿಸಿ ಬಟನ್ ಒತ್ತಿದಳು ಅಕ್ಕ. ಪರದೆ ಬೆಳಗಲಿಲ್ಲ. ಅವಳು ವೈರು ಬಿಗಿ ಮಾಡಿದಳು, ಮತ್ತೆ ಒತ್ತಿದಳು. ಇಲ್ಲ. ಮಂಡಳಿಯ ಅಧ್ಯಕ್ಷರು ಗಡಿಯಾರ ನೋಡಿಕೊಂಡರು. ಅವರ ಮಾತು ಹಗುರಾಗಿಯೇ ಇತ್ತು, ಆದರೆ ಚುಚ್ಚುವ ಹಾಗಿತ್ತು. ಹಿಂದಿನವನು ಕಿಸೆಯಲ್ಲಿ ತಂದ, ನೀವು ಮನೆಯನ್ನೇ ಹೊತ್ತು ತಂದಿರಿ, ಫ್ಲಾಪಿ ಯಾಕಿಲ್ಲ ಎಂದರು. ಕೆಟ್ಟಿತ್ತು ಎಂದಳು ಅಕ್ಕ, ತಲೆ ಎತ್ತದೆ. ಹೇಗೆ ಕೆಟ್ಟಿತು ಎಂದು ಕೇಳಿದರು. ಅವಳು ಮತ್ತೆ ವೈರಿಗೆ ಕೈ ಹಾಕಿದಳು.

"ಒಂದು ಫ್ಲಾಪಿ ನೆಟ್ಟಗ ಇಟ್ಕೊಳ್ಳಾಕ ಆಗದವರ ಕೈಯಾಗ ಸಾಲಿ ಕಂಪ್ಯೂಟರ್ ಹೆಂಗ ಕೊಡೂದು, ನೀನ ಹೇಳವಾ."

ಅಕ್ಕನ ಕಿವಿ ಕೆಂಪಾದವು. ನನಗೆ ಗೊತ್ತಿತ್ತು, ಅವಳು ಹೇಳುವುದಿಲ್ಲ. ನೌಕರಿ ಹೋದರೂ ಹೇಳುವುದಿಲ್ಲ. ನಾನೇ ಹೇಳಿಬಿಡಲೇ ಎಂದು ಬಾಯಿ ತೆರೆಯುವಷ್ಟರಲ್ಲಿ ಹೊಸ್ತಿಲ ಹೊರಗೆ ನಿಂತಿದ್ದ ಅವ್ವ ಚಪ್ಪಲಿ ಬಿಟ್ಟು ಒಳಗೆ ಬಂದಳು.

"ಅದಕ್ಕ ಎಣ್ಣಿ ಬಿಟ್ಟಾಕಿ ನಾನ್ರಿ. ಖಂಡೇಪೂಜಿಗೆ. ಹೊಲಿಗಿ ಮಿಷನ್ ಕರಕರ ಅಂದ್ರ ಎಣ್ಣಿ ಬೇಡತೈತಿ, ಇದೂ ಹಂಗ ಅಂತ ತಿಳ್ಕೊಂಡಿನ್ರಿ. ತಪ್ಪು ನಂದು. ಕೇಳೂದಿದ್ರ ನನ್ನ ಕೇಳ್ರಿ, ಆಕಿ ಏನ್ ಕಲ್ತಾಳ ಅದನ್ನ ಮಾತ್ರ ಆಕಿನ್ನ ಕೇಳ್ರಿ."

ಅಪ್ಪನ ಎದುರಿಗೂ ದನಿ ತಗ್ಗಿಸಿ ಮಾತಾಡುವವಳು. ಅಂದು ದನಿ ತಗ್ಗಲಿಲ್ಲ. ಅಕ್ಕ ಗಕ್ಕನೆ ತಿರುಗಿ ಅವಳನ್ನು ನೋಡಿದಳು. ಮಂಡಳಿಯವರಲ್ಲಿ ಒಬ್ಬರಿಗೆ ನಗು ತಡೆಯಲಾಗಲಿಲ್ಲ. ಅಧ್ಯಕ್ಷರು ನಗಲಿಲ್ಲ. ಕೂಡ್ರಿ ಅಕ್ಕಾರ ಎಂದು ಅವ್ವನಿಗೆ ಕುರ್ಚಿ ತೋರಿಸಿದರು.

ಅಷ್ಟರಲ್ಲಿ ನನಗೆ ಪರದೆಯ ಹಿಂದಿನ ವೈರು ನೆನಪಾಯಿತು. ಕಿತ್ತು ನೋಡಿದರೆ ಬಸ್ಸಿನ ಕುಲುಕಾಟಕ್ಕೆ ಅದರ ತುದಿಯ ಒಂದು ಮುಳ್ಳು ಸೊಟ್ಟಗಾಗಿತ್ತು. ಅವ್ವನ ಜಂಪರಿನ ಪಿನ್ನು ಇಸಿದುಕೊಂಡು ನೆಟ್ಟಗೆ ಮಾಡಿ ಚುಚ್ಚಿದೆ. ಪರದೆ ಬೆಳಗಿತು.

ಹೆಡ್‌ಮಾಸ್ತರರು ಹತ್ತನೆಯ ತರಗತಿಯ ಪರೀಕ್ಷೆಯ ಮಾರ್ಕ್ಸ್ ಓದುತ್ತ ಹೋದರು, ಅಕ್ಕ ಒತ್ತುತ್ತ ಹೋದಳು. ಮೊದಮೊದಲು ಬೆರಳು ತಪ್ಪುತ್ತಿದ್ದವು, ಆಮೇಲೆ ಓದುವವರೇ ಹಿಂದೆ ಬಿದ್ದರು. ಕೊನೆಗೊಂದು ಗುಂಡಿ ಒತ್ತಿದಾಗ ಇಡೀ ತರಗತಿ ಮಾರ್ಕ್ಸಿನ ಪ್ರಕಾರ ಮೇಲೆ ಕೆಳಗೆ ಸರಿದು ಸಾಲಾಗಿ ನಿಂತಿತು. ಹೆಡ್‌ಮಾಸ್ತರರು ತಾವು ರಾತ್ರಿಯೆಲ್ಲ ಕೂತು ಮಾಡಿದ್ದಕ್ಕೆ ತಾಳೆ ನೋಡಿದರು. ಅವರ ಲೆಕ್ಕದಲ್ಲೇ ಒಂದು ತಪ್ಪು ಸಿಕ್ಕಿತು. ಅವರೇ ಅದನ್ನು ದೊಡ್ಡದಾಗಿ ಹೇಳಿ ನಕ್ಕರು. ನಾನು ಪರದೆ ನೋಡಲಿಲ್ಲ, ಅವ್ವನನ್ನು ನೋಡುತ್ತಿದ್ದೆ. ಅವಳು ಕುರ್ಚಿಯ ತುದಿಗೆ ಸರಿದು, ಅಕ್ಕನ ಬೆರಳುಗಳನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಅಕ್ಕನನ್ನೇ ತಗೊಂಡರು. ರಜೆ ಮುಗಿಯುವುದರೊಳಗೆ ರಿಸಲ್ಟ್ ತಯಾರಾಗಬೇಕು, ಪ್ರೋಗ್ರಾಂ ಆ ಮಿಷನ್ನಿನಲ್ಲೇ ಸಿಕ್ಕಿಕೊಂಡಿದೆ, ಹಾಗಾಗಿ ಮಿಷನ್ನೂ ನೀನೂ ಇಂದಿನಿಂದಲೇ ಇಲ್ಲೇ ಉಳಿಯಿರಿ ಎಂದರು. ಹತ್ತಿರದಲ್ಲೇ ಇದ್ದ ಒಬ್ಬ ಟೀಚರಮ್ಮನ ಮನೆಯಲ್ಲಿ ಅವಳಿಗೆ ಇರಲು ಏರ್ಪಾಡಾಯಿತು. ಅಪ್ಪನನ್ನು ಕೇಳಬೇಕಲ್ಲ ಎಂದು ನಾನು ಅನ್ನುವಷ್ಟರಲ್ಲಿ ಅವ್ವ ಎರಡೂ ಕೌದಿ ಮಡಚಿ ಅಕ್ಕನ ಕೈಗೆ ಕೊಟ್ಟಾಗಿತ್ತು. ನಿಮ್ಮಪ್ಪ ಮಾತು ಕೊಟ್ಟಿದ್ದಾರೆ, ತಗೊಂಡರೆ ತಗೊಂಡರು ಎಂದು, ಅಷ್ಟು ಸಾಕು ಎಂದಳು. ಅಕ್ಕ ಅವಳ ಹೆಗಲಿಗೆ ಮುಖ ಒತ್ತಿ ಅತ್ತಳು. ಅವ್ವ ಅಳಲಿಲ್ಲ, ಹೊತ್ತಿಗೆ ಸರಿಯಾಗಿ ಉಣ್ಣು ಎಂದು ಬೈದಳು.

ತಿರುಗಿ ಬರುವ ಬಸ್ಸಿನಲ್ಲಿ ನಾವಿಬ್ಬರೇ. ಎಣ್ಣೆಯ ಸಂಗತಿ ನಿನಗೆ ಯಾವಾಗ ಗೊತ್ತಾಯಿತು ಎಂದು ಕೇಳಿದೆ. ನಿಮ್ಮಕ್ಕ ಬಚ್ಚಲಿಗೆ ಎಸೆದ ಬಟ್ಟೆ ಒಗೆದವಳು ನಾನೇ, ನನ್ನ ಡಬ್ಬಿಯ ಎಣ್ಣೆಯ ವಾಸನೆ ನನಗೆ ತಿಳಿಯುವುದಿಲ್ಲವೇ ಎಂದಳು. ಹಾಗಾದರೆ ಕೊರಗಲಿಲ್ಲವೇ ಎಂದೆ. ಅವ್ವ ಖಾಲಿ ತೊಡೆಯ ಮೇಲೆ ಕೈ ಇಟ್ಟುಕೊಂಡಳು.

"ಕೊರಗಿದೆ. ಆದ್ರ ಎಣ್ಣಿ ಬಿಡದಿದ್ರ ಏನಾಗ್ತಿತ್ತು ಹೇಳು. ಅಂಗೈಯಷ್ಟರ ಆ ಫ್ಲಾಪಿ ಒಂದು ಚೀಲದಾಗ ಹಾಕ್ಕೊಂಡು ಆಕಿ ಒಬ್ಬಾಕಿನ ಬಂದು ಹೋಗ್ತಿದ್ಲು. ಎರಡ್ ತಿಂಗಳು ನನ್ನ ಬೆನ್ನ ಹಿಂದ ಕುಂತು ಆಕಿ ಏನ್ ಮಾಡಿದ್ಲಂತ, ನನ್ನ ಕುಂದರ್ಸಿ ತೋರಿಸವ್ರು ಯಾರಿದ್ರು?"